ಸೋರುವ ಸೀಲು, ಸೋರಿಸುವ ಕಾರಣ

ಮಲೆನಾಡು, ಕೊಡಗಿನ ತೋಟದ ಮನೆಗಳಲ್ಲಿ ಇವತ್ತಿಗೂ ದುಡಿಯುತ್ತಿರುವ ಮಾರುತಿ ಜಿಪ್ಸಿಗಳ ಮುಂದಿನ ಚಕ್ರದ ಹಿಂದೆ ಬಗ್ಗಿ ನೋಡಿ. ಬಹಳಷ್ಟು ಗಾಡಿಗಳಲ್ಲಿ ಎಣ್ಣೆ ಇಳಿದ ಕಪ್ಪು ಜಾಡು ಕಾಣುತ್ತದೆ. 1985ರಲ್ಲಿ ಬಂದ ಈ ಗಾಡಿಯ ತಯಾರಿಕೆ ನಿಂತಿದ್ದರೂ ಮಣ್ಣುದಾರಿಯ ಜನ ಅದನ್ನು ಬಿಟ್ಟಿಲ್ಲ. 2023ರಲ್ಲಿ ಇಲ್ಲಿ ಬಿಡುಗಡೆಯಾದ ಜಿಮ್ನಿಯ ಮುಂದಿನ ಆಕ್ಸಲ್ ಕೂಡ ಇದೇ ವಂಶದ್ದು. ಹೀಗಾಗಿ ಈ ಸೋರಿಕೆಯ ಬಗ್ಗೆ ಗ್ಯಾರೇಜುಗಳಲ್ಲಿ ಓಡಾಡುವ ಮಾತುಗಳನ್ನು ಒಂದೊಂದಾಗಿ ಪರೀಕ್ಷಿಸುವುದು ಒಳ್ಳೆಯದು.

ಮೊದಲು ಒಳಗಿನ ರಚನೆ. ಡಿಫ್ರೆನ್ಷಿಯಲ್‌ನಿಂದ ಹೊರಟ ಶಾಫ್ಟ್ ಉಕ್ಕಿನ ಕೊಳವೆಯೊಳಗೆ ಸಾಗಿ ಚಕ್ರದ ಕಡೆಗೆ ಬರುತ್ತದೆ. ಕೊಳವೆಯ ತುದಿಯಲ್ಲಿ ಒಂದು ಆಯಿಲ್ ಸೀಲ್ ಇದೆ. ಅದರಾಚೆ ಕೊಳವೆ ಗುಂಡಗೆ ಗೋಳದಂತಾಗುತ್ತದೆ. ಗೋಳದೊಳಗೆ ಗ್ರೀಸ್ ತುಂಬಿದ ಜಾಯಿಂಟ್ ಇರುತ್ತದೆ. ಸ್ಟೇರಿಂಗ್ ತಿರುಗಿಸಿದಾಗ ಗೋಳದ ಸುತ್ತ ತಿರುಗುವುದು ನಕಲ್. ನಕಲ್‌ನ ಹಿಂಬದಿಗೆ, ಗೋಳವನ್ನು ಒರೆಸುತ್ತಾ ಕೂತಿರುವುದು ರಬ್ಬರ್ ಮತ್ತು ಫೆಲ್ಟ್ ಸೇರಿದ ಎರಡನೆಯ ಸೀಲ್. ಒಳಗಿನದು ಎಣ್ಣೆ ತಡೆಯುವುದಕ್ಕೆ, ಹೊರಗಿನದು ಗ್ರೀಸ್ ತಡೆದು ಕೆಸರು ದೂರ ಇಡುವುದಕ್ಕೆ.

“ಹೊರಗಡೆ ಸೋರ್ತಿದೆ, ಹೊರಗಿನ ಸೀಲ್ ಹಾಕಿದ್ರೆ ಸಾಕಲ್ವಾ?”

ಸಾಕಾಗುವುದಿಲ್ಲ. ಅತಿ ಹೆಚ್ಚು ದುಡ್ಡು ವ್ಯರ್ಥವಾಗುವುದು ಈ ಒಂದು ನಂಬಿಕೆಯಿಂದ. ಹೊರಗಿನ ಸೀಲ್ ತೆಳು ಎಣ್ಣೆಯನ್ನು ತಡೆಯುವುದಕ್ಕೆಂದು ಮಾಡಿದ್ದೇ ಅಲ್ಲ. ಒಳಗಿನ ಸೀಲ್ ಕೈಕೊಟ್ಟರೆ ಡಿಫ್ರೆನ್ಷಿಯಲ್ ಎಣ್ಣೆ ಗೋಳದೊಳಗೆ ಬಂದು ಗ್ರೀಸನ್ನು ಕರಗಿಸುತ್ತದೆ, ಆ ನೀರುನೀರಾದ ಮಿಶ್ರಣ ಹೊರಗಿನ ಸೀಲನ್ನು ದಾಟಿ ಇಳಿಯುತ್ತದೆ. ಹೊರಗಿನದನ್ನು ಹೊಸದಾಗಿ ಹಾಕಿದರೆ ಸ್ವಲ್ಪ ದಿನ ಒಣಗಿದಂತೆ ಕಂಡು ಮತ್ತೆ ಶುರು. ಅಷ್ಟರಲ್ಲಿ ಗ್ರೀಸ್ ಕಳೆದುಕೊಂಡ ಜಾಯಿಂಟ್ ಸವೆದು, ಫೋರ್ ವೀಲ್ ಹಾಕಿ ತಿರುವು ತೆಗೆದುಕೊಂಡಾಗ ಕಟಕಟ ಎನ್ನತೊಡಗುತ್ತದೆ. ಮಿಶ್ರಣ ಹಬ್ ಬೇರಿಂಗಿನವರೆಗೂ ಹೋಗಬಹುದು. ಬ್ರೇಕ್ ಡಿಸ್ಕಿಗೆ ತಗುಲಿದರಂತೂ ಗಾಡಿ ಒಂದು ಬದಿಗೆ ಎಳೆಯುತ್ತದೆ. ಘಾಟಿ ಇಳಿಯುವಾಗ ಅದು ಜೀವದ ಪ್ರಶ್ನೆ.

ಯಾವ ಸೀಲ್ ಎಂದು ತಿಳಿಯುವುದಕ್ಕೆ ಸೋರಿದ್ದನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ. ದಪ್ಪಗೆ, ಅಂಟಂಟಾಗಿ, ಕಪ್ಪಗಿದ್ದರೆ ಬರೀ ಗ್ರೀಸ್, ದೋಷ ಹೊರಗಿನದರಲ್ಲಿ. ತೆಳ್ಳಗೆ ಜಾರಿ, ಗೇರ್ ಆಯಿಲ್‌ನ ಗಂಧಕದ ಘಾಟು ಹೊಡೆದರೆ ಒಳಗಿನದು ಹೋಗಿದೆ. ಡಿಫ್ರೆನ್ಷಿಯಲ್‌ನ ಫಿಲ್ಲರ್ ಪ್ಲಗ್ ಬಿಚ್ಚಿ ಮಟ್ಟ ನೋಡಿದರೆ ಉಳಿದ ಅನುಮಾನವೂ ಹೋಗುತ್ತದೆ. ನಕಲ್ ಬಿಚ್ಚುವ ಹೊತ್ತಿಗೆ ಕೆಲಸದ ಬಹುಪಾಲು ಮುಗಿದಿರುತ್ತದೆ, ಹಾಗಾಗಿ ಎರಡೂ ಸೀಲುಗಳನ್ನು ಒಟ್ಟಿಗೆ ಬದಲಾಯಿಸುವುದೇ ಸರಿ.

“ಸೀಲಿಗೆ ವಯಸ್ಸಾಯ್ತು, ಅದಕ್ಕೇ ಸೋರ್ತು.”

ರಬ್ಬರ್ ಗಟ್ಟಿಯಾಗುವುದು ನಿಜ. ಆದರೆ ಹೊಸ ಸೀಲೂ ಬೇಗ ಸೋರಿದರೆ ಅದನ್ನು ಕೆಡಿಸಿದ್ದು ಬೇರೆ ಯಾವುದೋ. ಮೊದಲು ನೋಡಬೇಕಾದದ್ದು ಆಕ್ಸಲ್ ಹೌಸಿಂಗಿನ ಮೇಲಿರುವ ಬ್ರೀದರ್. ಗಾಡಿ ಓಡಿದಂತೆ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ, ಬ್ರೀದರ್ ಮೂಲಕ ಹೊರಹೋಗುತ್ತದೆ. ಕೆಸರು ಮೆತ್ತಿ ಅದು ಮುಚ್ಚಿದ್ದರೆ ಒತ್ತಡವೆಲ್ಲ ಸೀಲಿನ ತುಟಿಯ ಮೇಲೆ. ಅದೇ ಬಿಸಿ ಆಕ್ಸಲ್ ಮಳೆಗಾಲದ ಹಳ್ಳಕ್ಕೆ ಇಳಿದರೆ ಗಾಳಿ ತಟ್ಟನೆ ಕುಗ್ಗಿ, ಸೀಲಿನ ಸಂದಿನಿಂದ ನೀರನ್ನು ಒಳಗೆ ಎಳೆಯುತ್ತದೆ. ಎಣ್ಣೆ ಬಸಿದಾಗ ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ ನೀರು ಸೇರಿದೆ ಎಂದೇ ಅರ್ಥ. ಹಳ್ಳ ದಾಟುವುದು ನಿತ್ಯದ ಕೆಲಸವಾದರೆ ಬ್ರೀದರಿಗೆ ರಬ್ಬರ್ ಪೈಪ್ ಜೋಡಿಸಿ ಎಂಜಿನ್ ಬೇಯ ಮೇಲ್ಭಾಗಕ್ಕೆ ಒಯ್ಯುವುದು ಸಣ್ಣ ಖರ್ಚಿನ ದೊಡ್ಡ ರಕ್ಷಣೆ.

ಎರಡನೆಯದು ಶಾಫ್ಟ್. ಸೀಲಿನ ತುಟಿ ಉಜ್ಜುವ ಜಾಗದ ಮೇಲೆ ಉಗುರು ಅಡ್ಡಡ್ಡ ಎಳೆಯಿರಿ. ಉಗುರು ತಡೆದರೆ ಅಲ್ಲಿ ಗೀರು ಬಿದ್ದಿದೆ, ಎಷ್ಟು ಒಳ್ಳೆಯ ಸೀಲೂ ಅಲ್ಲಿ ನಿಲ್ಲುವುದಿಲ್ಲ. ತೆಳು ಸ್ಲೀವ್ ಹಾಕಿಸಬೇಕು, ಇಲ್ಲವೇ ಜಾಗವಿದ್ದರೆ ಹೊಸ ಸೀಲನ್ನು ಒಂದೆರಡು ಮಿಲಿಮೀಟರ್ ಆಚೀಚೆ ಕೂರಿಸಬೇಕು. ಮೂರನೆಯದು, ಶಾಫ್ಟಿನ ಹೊರತುದಿಗೆ ಆಧಾರವಾಗಿ ಸ್ಪಿಂಡಲ್ ಒಳಗಿರುವ ಬುಷ್. ಅದು ಸವೆದರೆ ಶಾಫ್ಟ್ ಓಲಾಡುತ್ತದೆ, ತುಟಿ ಒಂದು ಪಕ್ಕಕ್ಕೆ ತಿನ್ನಿಸಿಕೊಳ್ಳುತ್ತದೆ. ಬಿಚ್ಚಿದ ಹಳೆಯ ಸೀಲನ್ನು ಎಸೆಯುವ ಮುಂಚೆ ನೋಡಿ: ಸವೆತ ಒಂದೇ ಬದಿಗಿದ್ದರೆ ಬುಷ್ ಬದಲಾಯಿಸದೆ ಮುಚ್ಚಬೇಡಿ.

“ಫೋರ್ ವೀಲ್ ಹಾಕೋದೇ ಇಲ್ಲ, ಸೋರಿದ್ರೆ ಸೋರ್ಲಿ.”

ಎಣ್ಣೆ ಇಳಿಯಲು ಶಾಫ್ಟ್ ತಿರುಗಲೇಬೇಕೆಂದಿಲ್ಲ. ಇಳಿಜಾರಿನ ಅಂಗಳದಲ್ಲಿ ಓರೆಯಾಗಿ ನಿಂತ ಗಾಡಿಯಲ್ಲಿ ಎಣ್ಣೆ ಕೆಳಬದಿಯ ಕೊಳವೆಗೆ ಹರಿದು ಕೂರುತ್ತದೆ. ಜೊತೆಗೆ ಬಳಸದ ಸೀಲ್ ಒಣಗುತ್ತದೆ, ಒಂದೇ ಭಂಗಿಯಲ್ಲಿ ಗಟ್ಟಿಯಾಗುತ್ತದೆ. ಕೈಯಲ್ಲಿ ಲಾಕ್ ಮಾಡುವ ಹಬ್‌ಗಳಿದ್ದರೆ ಆಗಾಗ ಎರಡನ್ನೂ ಲಾಕ್ ಮಾಡಿ, ಲಿವರನ್ನು ಟೂ ವೀಲ್‌ನಲ್ಲೇ ಬಿಟ್ಟು ಕೆಲವು ಕಿಲೋಮೀಟರ್ ಓಡಿಸಿ. ಒಣ ಟಾರು ರಸ್ತೆಯಲ್ಲಿ ಫೋರ್ ವೀಲ್ ಹಾಕುವ ಅಪಾಯವಿಲ್ಲದೆ ಮುಂದಿನ ಶಾಫ್ಟುಗಳು ತಿರುಗಿ ಸೀಲುಗಳಿಗೆ ಎಣ್ಣೆ ಮುಟ್ಟುತ್ತದೆ.

“ದಪ್ಪ ಎಣ್ಣೆ ಹಾಕಿ, ನಿಲ್ಲುತ್ತೆ.”

ನಿಲ್ಲುವುದಿಲ್ಲ, ನಿಧಾನವಾಗುತ್ತದೆ ಅಷ್ಟೆ. ರಬ್ಬರ್ ಊದಿಸುವ ದ್ರವಗಳದ್ದೂ ತಾತ್ಕಾಲಿಕ ಉಪಕಾರ. ಗೀರು ಬಿದ್ದ ಶಾಫ್ಟನ್ನು ಅವು ಸರಿಮಾಡಲಾರವು. ಕೈಪಿಡಿ ಹೇಳಿದ ಜಿಎಲ್-5 ದರ್ಜೆಯ ಹೈಪಾಯ್ಡ್ ಎಣ್ಣೆಯನ್ನೇ ಹಾಕಿ.

“ಗೋಳದ ಮೇಲೆ ಜಿಡ್ಡು ಕಂಡರೆ ಬಿಚ್ಚಲೇಬೇಕು.”

ಇದು ಮೇಲಿನವಕ್ಕೆ ವಿರುದ್ಧವಾದ ತಪ್ಪು. ಗೋಳದ ಮೇಲೆ ತೆಳುವಾದ ಗ್ರೀಸ್ ಪೊರೆ ಇರಬೇಕು, ತುಕ್ಕು ಹಿಡಿಯದಿರುವುದು ಅದರಿಂದಲೇ. ತೊಟ್ಟಿಕ್ಕದೆ ಬರೀ ಜಿಡ್ಡಾಗಿದ್ದರೆ ಒರೆಸಿ, ಕಣ್ಣಿಟ್ಟಿರಿ.

“ಸೀಲ್ ಕೂರಿಸೋದು ಏನು ಮಹಾ, ಸುತ್ತಿಗೆ ಸಾಕು.”

ಇಲ್ಲಿ ಅವಸರ ಮಾಡಿದವರೇ ಹೆಚ್ಚು ಸಲ ಮತ್ತೆ ಬಿಚ್ಚುತ್ತಾರೆ. ಗಾಡಿ ಜಾಕಿನ ಮೇಲಲ್ಲ, ಗಟ್ಟಿ ಸ್ಟ್ಯಾಂಡಿನ ಮೇಲಿರಬೇಕು. ಸೀಲಿನ ಸ್ಪ್ರಿಂಗ್ ಇರುವ ಮುಖ ಎಣ್ಣೆಯ ಕಡೆಗೆ, ಅಂದರೆ ಡಿಫ್ರೆನ್ಷಿಯಲ್ ಕಡೆಗೆ. ತುಟಿಗೆ ಗ್ರೀಸ್ ಸವರಿ, ಸೀಲಿನ ಹೊರ ಅಂಚಿಗೆ ಸರಿಹೊಂದುವ ಪೈಪಿನ ತುಂಡನ್ನಿಟ್ಟು ಸುತ್ತಲೂ ಒಂದೇ ಸಮ ತಟ್ಟುತ್ತಾ ಹೋಗಬೇಕು. ಓರೆಯಾಗಿ ಕೂತ ಸೀಲ್ ಮೊದಲ ದಿನವೇ ಸೋರುತ್ತದೆ. ಇನ್ನೂ ಸೂಕ್ಷ್ಮವಾದದ್ದು ಶಾಫ್ಟ್ ವಾಪಸ್ ತೂರಿಸುವ ಗಳಿಗೆ. ಶಾಫ್ಟಿನ ತುದಿಯಲ್ಲಿ ಚೂಪು ಹಲ್ಲುಗಳಿವೆ. ಜಾಯಿಂಟಿನ ಭಾರಕ್ಕೆ ಕೈ ಸೋತು ಶಾಫ್ಟ್ ಸೀಲಿನ ಮೇಲೆ ಒರಗಿದರೆ ಆ ಹಲ್ಲುಗಳು ತುಟಿಯನ್ನು ಸೀಳುತ್ತವೆ, ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಎರಡೂ ಕೈಯಲ್ಲಿ ಎತ್ತಿ ಹಿಡಿದು, ಸೀಲನ್ನು ಮುಟ್ಟದಂತೆ ನೇರವಾಗಿ ತಳ್ಳಿ, ಹಲ್ಲು ಕೂರುವವರೆಗೆ ಮೆಲ್ಲಗೆ ತಿರುಗಿಸಬೇಕು.

ನಕಲ್ ತಿರುಗುವ ಕೀಲಾದ ಕಿಂಗ್‌ಪಿನ್‌ನ ಮೇಲೆ ಕೆಳಗೆ ಇರುವ ಶಿಮ್‌ಗಳನ್ನು (ತೆಳು ಲೋಹದ ಬಿಲ್ಲೆಗಳನ್ನು) ಬೇರೆಬೇರೆಯಾಗಿ ಗುರುತು ಮಾಡಿಡಿ, ಬೇರಿಂಗಿನ ಬಿಗಿತ ನಿರ್ಧರಿಸುವುದು ಅವೇ. ಹೊರಗಿನ ಸೀಲ್ ಹಾಕುವ ಮುಂಚೆ ನಕಲ್ ತೋಳಿಗೆ ಸ್ಪ್ರಿಂಗ್ ತಕ್ಕಡಿ ಕೊಕ್ಕೆ ಹಾಕಿ ಎಳೆದು, ಬಿಗಿತ ಕೈಪಿಡಿಯ ಅಳತೆಗೆ ಬಂತೇ ನೋಡಬೇಕು. ಈ ಬೇರಿಂಗ್ ಸಡಿಲವಿದ್ದರೆ ಹೊಸ ಸೀಲಿನ ಘರ್ಷಣೆ ಅದನ್ನು ಕೆಲಕಾಲ ಮರೆಮಾಚುತ್ತದೆ, ಆಮೇಲೆ ಗುಂಡಿ ಹಾರಿಸಿದಾಗ ಸ್ಟೇರಿಂಗ್ ನಡುಕ ಶುರುವಾಗುತ್ತದೆ.

“ಥಾರ್‌ಗೂ ಇದೇ ರಿಪೇರಿ.”

ಅಲ್ಲ. ಈಗಿನ ಥಾರ್‌ನ ಮುಂಭಾಗದ್ದು ಸ್ವತಂತ್ರ ಸಸ್ಪೆನ್ಷನ್. ಗೋಳವೂ ಇಲ್ಲ, ಒರೆಸುವ ಸೀಲೂ ಇಲ್ಲ. ಅಲ್ಲಿ ಆಯಿಲ್ ಸೀಲ್ ಇರುವುದು ಶಾಫ್ಟ್ ಡಿಫ್ರೆನ್ಷಿಯಲ್ ಒಳಗೆ ಹೋಗುವ ಕಡೆ. ಚಕ್ರದ ಒಳಬದಿಗೆ ಗ್ರೀಸ್ ಸುತ್ತಲೂ ಚಿಮ್ಮಿದ್ದರೆ ಹರಿದಿರುವುದು ಜಾಯಿಂಟಿನ ರಬ್ಬರ್ ಬೂಟ್, ಸೀಲಲ್ಲ.

ಯಾವ ಗಾಡಿಯೇ ಆಗಲಿ, ಕೆಲಸ ಮುಗಿದ ಮೇಲೆ ಅದನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಫಿಲ್ಲರ್ ತೂತಿನ ಅಂಚಿನಿಂದ ಹೊರಬರುವಷ್ಟು ಎಣ್ಣೆ ತುಂಬಿ. ಬಸಿದ ಹಳೆಯ ಎಣ್ಣೆ ತೋಟದ ಬುಡಕ್ಕೋ ಚರಂಡಿಗೋ ಹೋಗಬಾರದು, ಡಬ್ಬಿಯಲ್ಲಿ ತುಂಬಿ ಹಳೆ ಎಣ್ಣೆ ಕೊಳ್ಳುವವರಿಗೆ ಕೊಡಿ. ಒಂದು ವಾರ ಓಡಿಸಿ ಮತ್ತೊಮ್ಮೆ ಪ್ಲಗ್ ಬಿಚ್ಚಿ ಮಟ್ಟ ನೋಡಿ.