ಬಿದಿರಿನ ಎಲೆ: ಅಗಲಕ್ಕೆ ತಕ್ಕ ತೂಕವೇ?

ಹೊಲದ ಬದುವಿನಲ್ಲಿ ಬಿದಿರು ಬೆಳೆಯಲು ರೈತರಿಗಿದ್ದ ಒಂದು ದೊಡ್ಡ ಅಡಚಣೆ 2017ರ ನವೆಂಬರಿನಲ್ಲಿ ನಿವಾರಣೆಯಾಯಿತು. ಭಾರತೀಯ ಅರಣ್ಯ ಕಾಯಿದೆಯಲ್ಲಿ 'ಮರ' ಎಂಬುದಕ್ಕೆ ಕೊಟ್ಟಿದ್ದ ವ್ಯಾಖ್ಯೆಯಿಂದ ಬಿದಿರನ್ನು ಆಗ ಕೈಬಿಡಲಾಯಿತು. ದಾವಣಗೆರೆ ಸುತ್ತಿನ ಮೆಕ್ಕೆಜೋಳದ ಹೊಲಗಳಿರಲಿ, ಹರಿಹರ ತಾಲ್ಲೂಕಿನ ಭದ್ರಾ ನಾಲೆಯ ಗದ್ದೆಗಳಿರಲಿ, ಬದುವಿಗೆ ಬಿದಿರು ಹಾಕೋಣವೆಂಬ ಯೋಚನೆ ಬಂದೊಡನೆ ಎದುರಾಗುವ ಪ್ರಶ್ನೆ ಒಂದೇ: ಯಾವ ಸಸಿ ತರಬೇಕು? ಸಸ್ಯಕ್ಷೇತ್ರಕ್ಕೆ ಹೋದವರ ಕಣ್ಣು ಮೊದಲು ಬೀಳುವುದು ಎಲೆಯ ಮೇಲೆ. ಎಲೆ ದೊಡ್ಡದಿದ್ದರೆ ಸಸಿ ಗಟ್ಟಿ, ಮುಂದೆ ಗಳವೂ ದಪ್ಪ ಎಂದು ಭಾವಿಸುವುದು ಸಹಜ. ಒಮ್ಮೆ ನೆಟ್ಟ ಮೆಳೆ ಮೂವತ್ತು ನಲವತ್ತು ವರ್ಷ ಬದುವಿನಲ್ಲೇ ಕೂರುವಂಥದು. ಆದ್ದರಿಂದ ಎಲೆ ನಿಜವಾಗಿ ಏನು ಹೇಳುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು.

ಎಲೆಯ ವಿಸ್ತೀರ್ಣ ಅಳೆಯುವುದು ಬಹಳ ಸುಲಭ. ಅಮೆರಿಕದ ನೆಬ್ರಾಸ್ಕದಲ್ಲಿ ಮಾಂಟ್ಗೊಮೆರಿ ಎಂಬ ವಿಜ್ಞಾನಿ 1911ರಲ್ಲಿ ಮೆಕ್ಕೆಜೋಳದ ಎಲೆಗೆ ಒಂದು ಸೂತ್ರ ಕೊಟ್ಟರು. ಎಲೆಯ ಉದ್ದವನ್ನು ಅದರ ಅತಿ ಹೆಚ್ಚಿನ ಅಗಲದಿಂದ ಗುಣಿಸಿ, ಬಂದ ಮೊತ್ತವನ್ನು 0.75ರಿಂದ ಗುಣಿಸಿದರೆ ವಿಸ್ತೀರ್ಣ ದೊರೆಯುತ್ತದೆ. ಬಿದಿರೂ ಹುಲ್ಲಿನ ಜಾತಿಯೇ. ಅದರ ಎಲೆಯ ತುದಿ ಹೆಚ್ಚು ಚೂಪಾಗಿರುವುದರಿಂದ 0.7 ಎಂದು ಹಿಡಿದರೆ ಸಾಕು. 15 ಸೆಂ.ಮೀ. ಉದ್ದ, ಒಂದೂವರೆ ಸೆಂ.ಮೀ. ಅಗಲದ ಎಲೆ ಸುಮಾರು 16 ಚದರ ಸೆಂ.ಮೀ. ಆಗುತ್ತದೆ. 25 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲದ್ದು ಸುಮಾರು 52 ಚದರ ಸೆಂ.ಮೀ. ಅಂದರೆ ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚು.

ಹಾಗಾದರೆ ದೊಡ್ಡ ಎಲೆಯ ಒಣ ತೂಕವೂ ಅಷ್ಟೇ ಪಟ್ಟು ಇರಬೇಕಲ್ಲವೆ? ಇಲ್ಲ, ಅದಕ್ಕಿಂತ ಹೆಚ್ಚಿರುತ್ತದೆ. ಇದಕ್ಕೆ ಕಾರಣವನ್ನು ಮೇದಾರರು ಹೆಣೆಯುವ ಮೊರದಲ್ಲಿ ಕಾಣಬಹುದು. ಚಿಕ್ಕ ಮೊರಕ್ಕೆ ತೆಳು ದಬ್ಬೆಯ ಅಂಚು ಸಾಕು. ಅಗಲ ಹೆಚ್ಚಿದಂತೆ ಅಂಚು ದಪ್ಪವಾಗದಿದ್ದರೆ ಕಾಳು ತುಂಬಿದೊಡನೆ ಮೊರ ಬಾಗುತ್ತದೆ. ಎಲೆಯೂ ಹಾಗೆಯೇ. ಉದ್ದ ಅಗಲ ಹೆಚ್ಚಿದಷ್ಟೂ ಗಾಳಿಗೆ ಹರಿಯದೆ ಬಿಸಿಲಿಗೆ ಮೈಯೊಡ್ಡಿ ನಿಲ್ಲಲು ದಪ್ಪನೆಯ ನಡುನರ ಬೇಕು. ತುದಿಯವರೆಗೆ ನೀರು ಒಯ್ಯುವ ನಾಳಗಳೂ ಹೆಚ್ಚು ಬೇಕು. ಈ ನಾರಿನ ಭಾಗಕ್ಕೆ ಗಿಡ ಖರ್ಚು ಮಾಡಿದ್ದು ಆಹಾರ ತಯಾರಿಸುವ ಹಸಿರು ಭಾಗಕ್ಕೆ ಸಿಗುವುದಿಲ್ಲ. ವಿಸ್ತೀರ್ಣದ 1.1ರ ಘಾತದಂತೆ ತೂಕ ಏರುತ್ತದೆಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಆಗ ವಿಸ್ತೀರ್ಣ ಎರಡರಷ್ಟಾದರೆ ತೂಕ 2.14ರಷ್ಟು, ಹತ್ತರಷ್ಟಾದರೆ ತೂಕ ಹನ್ನೆರಡೂವರೆಯಷ್ಟು ಆಗುತ್ತದೆ. ಘಾತ ಒಂದಕ್ಕಿಂತ ಎಷ್ಟು ಹೆಚ್ಚು ಎಂಬುದು ಜಾತಿಯಿಂದ ಜಾತಿಗೆ ಬದಲಾಗುತ್ತದೆ. ಚೀನಾದ ನಾನ್‌ಜಿಂಗ್ ಅರಣ್ಯ ವಿಶ್ವವಿದ್ಯಾಲಯದವರು ಸೇರಿದ್ದ ತಂಡವೊಂದು 101 ಬಗೆಯ ಬಿದಿರಿನ ಎಲೆಗಳನ್ನು ಅಳೆದು ತೂಗಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಲೆ ನೀಳವೋ ಅಗಲವೋ ಎಂಬ ಆಕಾರವೂ ಈ ಸಂಬಂಧವನ್ನು ಬದಲಿಸುತ್ತದೆಂದು ತಿಳಿದುಬಂದಿದೆ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಂದೇ ಮೆಳೆಯಿಂದ ನೂರು ಚಿಕ್ಕ ಎಲೆ, ನೂರು ದೊಡ್ಡ ಎಲೆ ಕಿತ್ತುಕೊಳ್ಳಿರಿ. ಬಿದಿರಿನ ಎಲೆ ಕಿತ್ತ ಕೆಲವೇ ನಿಮಿಷಗಳಲ್ಲಿ ಸುರುಳಿಯಾಗುವುದರಿಂದ ಮೆಳೆಯ ಬುಡದಲ್ಲೇ ನಿಂತು ಅಳತೆ ಬರೆದುಕೊಳ್ಳಬೇಕು. ಅನಂತರ ಮುಟ್ಟಿದರೆ ಪುಡಿಯಾಗುವವರೆಗೆ ಒಣಗಿಸಿ, ಚಿನ್ನದಂಗಡಿಯ ತಕ್ಕಡಿಯಲ್ಲಿ ತೂಗಿಸಿರಿ. ಅಂಗಡಿಯವರು ನಕ್ಕರೆ ನಗಲಿ.

ಇಷ್ಟೆಲ್ಲ ಲೆಕ್ಕ ಒಂದೇ ಜಾತಿಯ ಎಲೆಗಳಿಗೆ ಸಲ್ಲುತ್ತದೆ. ಎಲೆಯಿಂದ ಗಳವನ್ನು ಊಹಿಸಲು ಹೊರಟರೆ ಮಾತ್ರ ಮೋಸ ಹೋಗುತ್ತೇವೆ. ಮುಳ್ಳಿನ ಹೆಬ್ಬಿದಿರು ನೂರಡಿಯವರೆಗೆ ಏರಬಲ್ಲದು. ಅದರ ಎಲೆ ಸಾಮಾನ್ಯವಾಗಿ ಗೇಣುದ್ದ ಮೀರದು, ಅಗಲವೂ ಬೆರಳಿನಷ್ಟೇ. ಚೀನಾದ ಇಂಡೊಕಲಾಮಸ್ ಎಂಬ ಕುಳ್ಳ ಬಿದಿರು ಆಳೆತ್ತರಕ್ಕಿಂತ ಹೆಚ್ಚು ಬೆಳೆಯುವುದಿಲ್ಲ. ಆದರೆ ಅದರ ಎಲೆ ಒಂದೂವರೆ ಅಡಿ ಮೀರುವುದುಂಟು. ಅಲ್ಲಿನವರು ಅದರಲ್ಲಿ ಅಕ್ಕಿಯ ಕಡುಬು ಕಟ್ಟಿ ಬೇಯಿಸುತ್ತಾರೆ!

ಸಸ್ಯಕ್ಷೇತ್ರದ ಸಸಿಯಲ್ಲಿ ಇನ್ನೊಂದು ತೊಡಕಿದೆ. ನೆರಳು, ನೀರು, ಯೂರಿಯಾ ಮೂರೂ ಯಥೇಚ್ಛ ಸಿಕ್ಕಿದ ಸಸಿಯ ಎಲೆ ಅಗಲವಾಗಿ, ತೆಳ್ಳಗೆ ಬೆಳೆಯುತ್ತದೆ. ಅಗಲ ಹೆಚ್ಚು, ಚದರ ಸೆಂಟಿಮೀಟರಿಗೆ ತೂಕ ಕಡಿಮೆ. ಇಂಥ ಎಲೆ ಬಯಲಿನ ಬಿಸಿಲಿಗೆ ಬಂದೊಡನೆ ಸುಟ್ಟುಹೋಗುತ್ತದೆ. ವರ್ಷಕ್ಕೆ 600ರಿಂದ 650 ಮಿ.ಮೀ. ಮಳೆ ಬೀಳುವ ನಮ್ಮ ಸೀಮೆಗೆ, ಕೆಲವು ವಾರ ಬಿಸಿಲಿನಲ್ಲಿಟ್ಟು ಪಳಗಿಸಿದ, ಎಲೆ ಕಿರಿದಾದರೂ ಒರಟಾಗಿರುವ ಸಸಿಯೇ ಮೇಲು. ಎಲೆಗಿಂತ ಬುಡವನ್ನು ನೋಡಿರಿ. ಗೆಡ್ಡೆಯಿಂದ ಎರಡು ಮೂರು ಹೊಸ ಮೊಳಕೆ ಬಂದಿದ್ದರೆ, ಬೇರು ಚೀಲದಲ್ಲಿ ಸುತ್ತಿಕೊಂಡಿರದಿದ್ದರೆ ಧೈರ್ಯವಾಗಿ ತರಬಹುದು. ಖುಷ್ಕಿ ಬದುವಿಗೆ ಕಿರುಬಿದಿರು, ಅಂದರೆ ಡೆಂಡ್ರೊಕಲಾಮಸ್ ಸ್ಟ್ರಿಕ್ಟಸ್, ಹೊಂದುತ್ತದೆ. ಬೇಸಿಗೆಯಲ್ಲಿ ಎಲೆ ಉದುರಿಸಿ ನೀರು ಉಳಿಸಿಕೊಳ್ಳುವ ಗುಣ ಅದಕ್ಕಿದೆ. ಜೂನ್-ಜುಲೈ ಮಳೆಗೆ ನೆಟ್ಟು, ಮೊದಲ ಎರಡು ಬೇಸಿಗೆ ನೀರು ಕೊಡಲೇಬೇಕು.

ಉದುರಿದ ಎಲೆಯನ್ನು ಹೊದಿಕೆಯಾಗಿ ಬಳಸುವವರಿಗೂ ಈ ಲೆಕ್ಕ ಉಪಯುಕ್ತ. ನಾರು ಹೆಚ್ಚಿರುವ ದೊಡ್ಡ ಎಲೆ ನಿಧಾನವಾಗಿ ಕೊಳೆಯುತ್ತದೆ. ಬಿದಿರೆಲೆಯಲ್ಲಿ ಸಿಲಿಕಾ ಅಂಶವೂ ಹೆಚ್ಚು. ತೇವ ಉಳಿಸುವ ಹೊದಿಕೆಗೆ ಇದು ಅನುಕೂಲವೇ. ಬೇಗ ಗೊಬ್ಬರವಾಗಬೇಕಾದರೆ ಕತ್ತರಿಸಿ, ಸಗಣಿ ನೀರು ಹಾಕಿ ಗುಂಡಿಗೆ ತುಂಬಬೇಕು.

ಕೊನೆಯದಾಗಿ ನೆರಳಿನ ವಿಚಾರ. ಒಂದು ಕೊಂಬೆಯ ಎಲೆಗಳನ್ನು ಎಣಿಸಿ, ಚಿಕ್ಕ, ನಡು, ದೊಡ್ಡ ಎಲೆಗಳ ವಿಸ್ತೀರ್ಣದ ಸರಾಸರಿಯಿಂದ ಗುಣಿಸಿದರೆ ಮೆಳೆ ಎಷ್ಟು ಬಿಸಿಲು ತಡೆಯುತ್ತದೆಂಬ ಅಂದಾಜು ಸಿಗುತ್ತದೆ. ನಮ್ಮಲ್ಲಿ ಆಗಸ್ಟ್ ಮಧ್ಯದಿಂದ ಏಪ್ರಿಲ್ ಕೊನೆಯವರೆಗೆ ನಡುಹಗಲಿನ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ನೆರಳು ಉತ್ತರಕ್ಕೆ ಬೀಳುತ್ತದೆ. ಉತ್ತರದ ಬದುವಿನಲ್ಲಿ ನೆಟ್ಟರೆ ತಮ್ಮ ಬೆಳೆ ಉಳಿಯುತ್ತದೆ, ಆದರೆ ನೆರಳು ಆಚೆ ಹೊಲಕ್ಕೆ ಹೋಗುತ್ತದೆ. ಗುಂಡಿ ತೋಡುವ ಮೊದಲೇ ಆ ಹೊಲದವರೊಡನೆ ಮಾತನಾಡಿರಿ.