ತೇಲುವಿಕೆ ನಿಯಂತ್ರಕ ಜಾಕೆಟ್: ಸಣ್ಣ ಮೈಕಟ್ಟಿನವರಿಗೆ ಆಯ್ಕೆ

ತೇಲುವಿಕೆ ನಿಯಂತ್ರಕ ಜಾಕೆಟ್ ಎಂಬುದು ಸ್ಕೂಬಾ ಮುಳುಗುಗಾರರು ಧರಿಸುವ, ಗಾಳಿಯನ್ನು ತುಂಬಲು ಮತ್ತು ಹೊರಬಿಡಲು ಅನುಕೂಲವಿರುವ ಚೀಲವುಳ್ಳ ಕವಚ. ಬಳಕೆಯಲ್ಲಿ ಇದಕ್ಕೆ ಬಿ.ಸಿ.ಡಿ. ಎಂಬ ಹೆಸರಿದೆ. ನೀರಿನ ಮೇಲೆ ತೇಲಲು, ನೀರೊಳಗೆ ಬೇಕಾದ ಆಳದಲ್ಲಿ ನಿಲ್ಲಲು ಇದು ನೆರವಾಗುತ್ತದೆ. ಉಸಿರಾಟದ ಗಾಳಿಯ ಸಿಲಿಂಡರನ್ನು ಬೆನ್ನಿಗೆ ಬಿಗಿಯುವ ಸಾಧನವೂ ಇದೇ ಆಗಿದೆ. ಕುಳ್ಳಗಿರುವ ಅಥವಾ ಕಿರಿದಾದ ಭುಜ, ಎದೆ, ಸೊಂಟವುಳ್ಳ ಮುಳುಗುಗಾರರಿಗೆ ಸರಿಯಾದ ಅಳತೆಯ ಜಾಕೆಟ್ ದೊರೆಯುವುದು ಸುಲಭವಲ್ಲ. ಮೈಗೆ ಹೊಂದದ ಜಾಕೆಟ್ ನೀರೊಳಗಿನ ಸುರಕ್ಷತೆಗೆ ನೇರವಾಗಿ ಧಕ್ಕೆ ತರುವುದರಿಂದ ಇದರ ಆಯ್ಕೆ ಮಹತ್ವದ್ದಾಗಿದೆ.

ಹಿನ್ನೆಲೆ

ಬಯಲುಸೀಮೆಯ ಹಳ್ಳಿಗಳಲ್ಲಿ ಬಾವಿಗೆ ಇಳಿದು ಈಜು ಕಲಿಯುವ ಮಕ್ಕಳ ಬೆನ್ನಿಗೋ ಸೊಂಟಕ್ಕೋ ಒಣಗಿದ ಸೋರೆ ಬುರುಡೆ ಅಥವಾ ಬೆಂಡು ಕಟ್ಟುವ ರೂಢಿ ಹಿಂದಿನಿಂದ ಬಂದಿದೆ. ಬುರುಡೆಯೊಳಗಿನ ಗಾಳಿಯ ಪ್ರಮಾಣ ಬದಲಾಗುವುದಿಲ್ಲ. ಆದ್ದರಿಂದ ಅದು ಮೈಯನ್ನು ಸದಾ ಮೇಲಕ್ಕೇ ಎತ್ತುತ್ತದೆ. ಸ್ಕೂಬಾ ಮುಳುಗುಗಾರರಿಗೆ ಬೇಕಾದದ್ದು ಇಚ್ಛೆಯಂತೆ ಹಿಗ್ಗಿಸಿ ಕುಗ್ಗಿಸಬಹುದಾದ ಬುರುಡೆ. ಆದರೆ ಬುರುಡೆಯ ದಾರ ಸಡಿಲವಾದರೆ ಅದು ಕುತ್ತಿಗೆಯತ್ತ ಸರಿದು ಮುಖ ನೀರಿಗೆ ಬೀಳುತ್ತದೆ ಎಂಬುದನ್ನು ಈಜು ಕಲಿಸುವವರೆಲ್ಲ ಬಲ್ಲರು. ಜಾಕೆಟ್ಟಿನ ವಿಷಯದಲ್ಲಿಯೂ ಇದೇ ನಿಯಮ ಅನ್ವಯಿಸುತ್ತದೆ.

1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ಟೊ ಮತ್ತು ಎಮಿಲ್ ಗಾನ್ಯಾನ್ ಅವರು ಆಕ್ವಾಲಂಗ್ ಉಸಿರಾಟದ ಸಾಧನವನ್ನು ರೂಪಿಸಿದರು. ಆರಂಭದ ಮುಳುಗುಗಾರರಿಗೆ ತೇಲುವಿಕೆಯ ನಿಯಂತ್ರಕ ಇರಲಿಲ್ಲ. 1961ರಲ್ಲಿ ಮಾರಿಸ್ ಫೆಂಜಿ ಅವರು ಕುತ್ತಿಗೆಯ ಸುತ್ತ ಧರಿಸುವ ಚೀಲಕ್ಕೆ ಪೇಟೆಂಟ್ ಪಡೆದರು. 1971ರಲ್ಲಿ ಸ್ಕೂಬಾಪ್ರೊ ಸಂಸ್ಥೆಯು ಇಂದಿನ ರೂಪಕ್ಕೆ ಹತ್ತಿರವಾದ ಜಾಕೆಟ್ಟನ್ನು ಪರಿಚಯಿಸಿತು. ಇಂತಹ ಸಾಧನಗಳಿಗೆ ಯುರೋಪಿನಲ್ಲಿ ಇ.ಎನ್. 1809 ಎಂಬ ಮಾನದಂಡವಿದೆ.

ಕಾರ್ಯತತ್ತ್ವ

ಆರ್ಕಿಮಿಡೀಸ್ ತತ್ತ್ವದಂತೆ, ನೀರಿನಲ್ಲಿ ಮುಳುಗಿದ ವಸ್ತುವಿನ ಮೇಲೆ ಅದು ಸ್ಥಾನಪಲ್ಲಟಗೊಳಿಸಿದ ನೀರಿನ ತೂಕಕ್ಕೆ ಸಮನಾದ ಮೇಲ್ಮುಖ ಬಲ ವರ್ತಿಸುತ್ತದೆ. ಜಾಕೆಟ್ಟಿಗೆ ಒಂದು ಲೀಟರ್ ಗಾಳಿ ತುಂಬಿದರೆ ಸುಮಾರು ಒಂದು ಕಿಲೋಗ್ರಾಂ ಎತ್ತುವ ಬಲ ದೊರೆಯುತ್ತದೆ.

ಆಳಕ್ಕೆ ಇಳಿದಂತೆ ಒತ್ತಡ ಏರುತ್ತದೆ. ಮೇಲ್ಮೈಯಲ್ಲಿ ಅದು ಸುಮಾರು 1 ಬಾರ್, 10 ಮೀಟರ್ ಆಳದಲ್ಲಿ 2 ಬಾರ್, 20 ಮೀಟರ್ ಆಳದಲ್ಲಿ 3 ಬಾರ್ ಇರುತ್ತದೆ. ಬಾಯ್ಲನ ನಿಯಮದಂತೆ, ಮೇಲ್ಮೈಯಲ್ಲಿ ಎರಡು ಲೀಟರ್ ಇದ್ದ ಗಾಳಿ 10 ಮೀಟರ್ ಆಳದಲ್ಲಿ ಒಂದು ಲೀಟರಿಗೆ ಕುಗ್ಗುತ್ತದೆ. ಮೇಲೆ ಬಂದಾಗ ಮತ್ತೆ ಎರಡು ಲೀಟರಿಗೆ ಹಿಗ್ಗುತ್ತದೆ. ಆದ್ದರಿಂದ ಮೇಲೇರುವಾಗ ಮುಳುಗುಗಾರರು ಜಾಕೆಟ್ಟಿನ ಗಾಳಿಯನ್ನು ಆಗಾಗ ಹೊರಬಿಡುತ್ತಿರಬೇಕು. ಬಿಡಲಾಗದಿದ್ದರೆ ಏರುವ ವೇಗ ಹೆಚ್ಚುತ್ತದೆ. ಗಾಬರಿಯಿಂದ ಉಸಿರು ಹಿಡಿದುಕೊಂಡು ಏರಿದರೆ ಶ್ವಾಸಕೋಶಕ್ಕೆ ಪ್ರಾಣಾಪಾಯಕರ ಗಾಯವಾಗಬಹುದು.

ಅಳತೆ ಹೊಂದದಿದ್ದರೆ ಆಗುವ ತೊಂದರೆಗಳು

ದೊಡ್ಡ ಅಳತೆಯ ಜಾಕೆಟ್ ಸಣ್ಣ ಮೈಯ ಮೇಲೆ ಹಲವು ತೊಂದರೆಗಳನ್ನು ಉಂಟುಮಾಡುತ್ತದೆ.

ಮೊದಲನೆಯದಾಗಿ, ಗಾಳಿ ತುಂಬಿದಾಗ ಜಾಕೆಟ್ ಕಿವಿಗಳವರೆಗೆ ಮೇಲೆ ಸರಿಯುತ್ತದೆ. ಧರಿಸಿದವರ ಮೈ ಅದರೊಳಗೆ ಕೆಳಕ್ಕೆ ಜಾರುತ್ತದೆ. ಅಲೆಗಳ ನಡುವೆ ಬಾಯಿಯನ್ನು ನೀರಿನಿಂದ ಮೇಲೆ ಇರಿಸಿಕೊಳ್ಳುವುದು ಆಗ ಕಷ್ಟವಾಗುತ್ತದೆ. ಎರಡನೆಯದಾಗಿ, ಸಿಲಿಂಡರ್ ಬೆನ್ನಿನ ಮೇಲೆ ಅತ್ತಿತ್ತ ಹೊರಳಿ ಮೈಯನ್ನು ಒಂದು ಬದಿಗೆ ತಿರುಗಿಸುತ್ತದೆ. ಮೂರನೆಯದಾಗಿ, ಗಾಳಿ ಹೊರಬಿಡುವ ಕವಾಟಗಳು ಮತ್ತು ಇನ್‌ಫ್ಲೇಟರ್ ಕೊಳವೆ ಕೈಗೆ ಸಿಗುವ ಜಾಗದಲ್ಲಿ ಇರುವುದಿಲ್ಲ. ಅಗತ್ಯದ ಕ್ಷಣದಲ್ಲಿ ಅವನ್ನು ತಡಕಾಡಬೇಕಾಗುತ್ತದೆ.

ಜಾಕೆಟ್ ತೀರ ಬಿಗಿಯಾಗಿದ್ದರೂ ಅಪಾಯವಿದೆ. ಪೂರ್ತಿ ಗಾಳಿ ತುಂಬಿದಾಗ ಅದು ಎದೆಯನ್ನು ಅಮುಕಿ ಉಸಿರಾಟಕ್ಕೆ ಅಡ್ಡಿಯಾಗುತ್ತದೆ.

ವಿಧಗಳು

ಜಾಕೆಟ್ ಮಾದರಿ: ಗಾಳಿಚೀಲವು ಬೆನ್ನು, ಪಕ್ಕೆಗಳು ಮತ್ತು ಹೊಟ್ಟೆಯ ಬದಿಗಳನ್ನು ಸುತ್ತಿರುತ್ತದೆ. ಮೇಲ್ಮೈಯಲ್ಲಿ ನೆಟ್ಟಗೆ ತೇಲಲು ಅನುಕೂಲ. ತರಬೇತಿ ಕೇಂದ್ರಗಳಲ್ಲಿ ಹೆಚ್ಚಾಗಿ ಇರುವುದು ಇದೇ. ಸಣ್ಣ ಎದೆಯವರಿಗೆ ಪಕ್ಕೆಯ ಚೀಲಗಳು ಒತ್ತುವ ಸಂಭವವಿದೆ.

ಬೆನ್ನುಚೀಲ ಮಾದರಿ: ಗಾಳಿ ಬೆನ್ನಿನ ಕಡೆಯ ಚೀಲಕ್ಕೆ ಮಾತ್ರ ತುಂಬುತ್ತದೆ. ಎದೆ ಮತ್ತು ಹೊಟ್ಟೆಯ ಮೇಲೆ ಒತ್ತಡ ಕಡಿಮೆ. ಮೇಲ್ಮೈಯಲ್ಲಿ ಹೆಚ್ಚು ಗಾಳಿ ತುಂಬಿದರೆ ಮುಖ ಮುಂದಕ್ಕೆ ಬಾಗುವಂತಾಗುತ್ತದೆ. ಸ್ವಲ್ಪ ಹಿಂದಕ್ಕೆ ಒರಗಿ ತೇಲುವುದನ್ನು ರೂಢಿಸಿಕೊಳ್ಳಬೇಕು.

ಫಲಕ ಮತ್ತು ರೆಕ್ಕೆ ಮಾದರಿ: ಲೋಹದ ಬೆನ್ನುಫಲಕ, ಅದಕ್ಕೆ ಪೋಣಿಸಿದ ಸುಮಾರು 50 ಮಿಲಿಮೀಟರ್ ಅಗಲದ ನೈಲಾನ್ ಪಟ್ಟಿ ಮತ್ತು ಹಿಂಬದಿಯ ಗಾಳಿಚೀಲ ಇದರ ಭಾಗಗಳು. ಪಟ್ಟಿಯನ್ನು ಮೈಗೆ ತಕ್ಕಂತೆ ಎಷ್ಟು ಬೇಕಾದರೂ ಚಿಕ್ಕದು ಮಾಡಬಹುದು. ತೊಡೆಗಳ ನಡುವೆ ಹಾಯುವ ಪಟ್ಟಿಯು ಜಾಕೆಟ್ ಮೇಲೆ ಸರಿಯದಂತೆ ತಡೆಯುತ್ತದೆ. ಆದರೆ ಸಾಮಾನ್ಯ ಫಲಕದ ಉದ್ದ ಸುಮಾರು 38 ಸೆಂಟಿಮೀಟರ್ ಇರುವುದರಿಂದ, ಬೆನ್ನು ಗಿಡ್ಡವಾಗಿರುವವರು ಚಿಕ್ಕ ಫಲಕವನ್ನು ಅಥವಾ ಫಲಕವಿಲ್ಲದ ಮೃದು ಮಾದರಿಯನ್ನು ಆರಿಸಬೇಕಾಗುತ್ತದೆ.

ಮಹಿಳೆಯರಿಗಾಗಿ ರೂಪಿಸಿದ ಜಾಕೆಟ್ಟುಗಳಲ್ಲಿ ಭುಜದ ಪಟ್ಟಿಗಳು ಎದೆಯ ಹೊರಬದಿಯಿಂದ ಬಾಗಿ ಹಾಯುತ್ತವೆ; ಬೆನ್ನಿನ ಉದ್ದವೂ ಕಡಿಮೆ ಇರುತ್ತದೆ. ಸಣ್ಣ ಮೈಕಟ್ಟಿನ ಪುರುಷರಿಗೂ ಇವು ಹೊಂದಬಹುದು.

ಅಳತೆ ನೋಡುವ ಕ್ರಮ

ಎತ್ತರ ಮತ್ತು ದೇಹತೂಕವನ್ನು ಮಾತ್ರ ನೋಡಿ ಅಳತೆ ನಿರ್ಧರಿಸುವುದು ಸರಿಯಲ್ಲ. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರ ಕಾಲು ಉದ್ದವಾಗಿದ್ದು ಬೆನ್ನು ಗಿಡ್ಡವಾಗಿರಬಹುದು. ಕುತ್ತಿಗೆಯ ಬುಡದ ಎಲುಬಿನಿಂದ ಸೊಂಟದ ಎಲುಬಿನ ಮಟ್ಟದವರೆಗಿನ ಉದ್ದ, ಎದೆಯ ಸುತ್ತಳತೆ ಮತ್ತು ಸೊಂಟದ ಸುತ್ತಳತೆ, ಈ ಮೂರನ್ನು ಅಳೆದುಕೊಂಡು ತಯಾರಕರ ಕೋಷ್ಟಕದೊಡನೆ ಹೋಲಿಸಬೇಕು. ಅನಂತರ ವೆಟ್‌ಸೂಟ್ ತೊಟ್ಟು, ಅದರ ಮೇಲೆ ಜಾಕೆಟ್ ಧರಿಸಿ, ಸಿಲಿಂಡರ್ ಸಹಿತ ಈ ಕೆಳಗಿನವುಗಳನ್ನು ಪರೀಕ್ಷಿಸಬೇಕು:

1. ಪಟ್ಟಿಗಳನ್ನೆಲ್ಲ ಬಿಗಿದ ಮೇಲೂ ಎಳೆಯಲು ಇನ್ನಷ್ಟು ಪಟ್ಟಿ ಉಳಿದಿರಬೇಕು. ಸೊಂಟದ ಅಗಲ ಪಟ್ಟಿಯ ಎರಡು ತುದಿಗಳು ಪೂರ್ತಿ ಒಂದರ ಮೇಲೊಂದು ಬಂದರೂ ಸಡಿಲವಿದ್ದರೆ ಆ ಜಾಕೆಟ್ ದೊಡ್ಡದಾಯಿತು.
2. ಇನ್ನೊಬ್ಬರು ಜಾಕೆಟ್ಟಿನ ಭುಜಗಳನ್ನು ಹಿಡಿದು ಮೇಲಕ್ಕೆ ಎತ್ತಿದಾಗ ಅದು ಕಿವಿಯವರೆಗೆ ಬರಬಾರದು.
3. ಗಾಳಿಯನ್ನು ಪೂರ್ತಿ ತುಂಬಿ ದೀರ್ಘವಾಗಿ ಉಸಿರೆಳೆಯಬೇಕು. ಎದೆ ಅಮುಕಿದಂತಾದರೆ ಬೇರೆ ಅಳತೆ ಅಥವಾ ಬೇರೆ ಮಾದರಿ ಬೇಕು.
4. ತಲೆಯನ್ನು ಹಿಂದಕ್ಕೆ ಬಾಗಿಸಿದಾಗ ಸಿಲಿಂಡರಿನ ಕವಾಟ ತಲೆಗೆ ತಾಗಬಾರದು. ಕಾಲು ಆಡಿಸಿದಾಗ ಸಿಲಿಂಡರಿನ ಬುಡ ತೊಡೆಯ ಹಿಂಭಾಗಕ್ಕೆ ಬಡಿಯಬಾರದು.
5. ಕಣ್ಣುಮುಚ್ಚಿ ಇನ್‌ಫ್ಲೇಟರ್ ಮತ್ತು ಎಲ್ಲ ಕವಾಟಗಳನ್ನು ಕೈಯಿಂದ ಮುಟ್ಟಲು ಸಾಧ್ಯವಾಗಬೇಕು.

ಎತ್ತುವ ಸಾಮರ್ಥ್ಯ

ಹೆಚ್ಚು ಎತ್ತುವ ಸಾಮರ್ಥ್ಯವಿರುವ ಜಾಕೆಟ್ ಹೆಚ್ಚು ಸುರಕ್ಷಿತ ಎಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಅಗತ್ಯವಿರುವಷ್ಟು ಸಾಮರ್ಥ್ಯವಿದ್ದರೆ ಸಾಕು. 11 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿ ತುಂಬಿದ ಗಾಳಿಯ ತೂಕ ಸುಮಾರು 2.7 ಕಿಲೋಗ್ರಾಂ. ಬೆಚ್ಚನೆಯ ನೀರಿನಲ್ಲಿ ತೊಡುವ 3 ಮಿಲಿಮೀಟರ್ ದಪ್ಪದ ಸಣ್ಣ ವೆಟ್‌ಸೂಟ್ ಆಳದಲ್ಲಿ ಕುಗ್ಗಿ ಕಳೆದುಕೊಳ್ಳುವ ತೇಲುವಿಕೆ ಒಂದೆರಡು ಕಿಲೋಗ್ರಾಂ ಎಂದು ಇಟ್ಟುಕೊಂಡರೆ, ಒಟ್ಟು ಐದು ಕಿಲೋಗ್ರಾಂ ಒಳಗೇ ಆಯಿತು. ಮೇಲ್ಮೈಯಲ್ಲಿ ತಲೆಯನ್ನು ಎತ್ತಿಹಿಡಿಯಲು ಬೇಕಾದದ್ದನ್ನು ಸೇರಿಸಿದರೂ 100 ನ್ಯೂಟನ್, ಎಂದರೆ ಸುಮಾರು ಹತ್ತು ಕಿಲೋಗ್ರಾಂ ಸಾಮರ್ಥ್ಯ ಇಂತಹವರಿಗೆ ಸಾಮಾನ್ಯವಾಗಿ ಸಾಕಾಗುತ್ತದೆ. ದಪ್ಪ ಸೂಟ್ ತೊಡುವ ತಣ್ಣೀರಿನಲ್ಲಿ ಲೆಕ್ಕ ಬೇರೆಯಾಗುತ್ತದೆ.

ಸಿಲಿಂಡರ್ ಮತ್ತು ಸೀಸದ ತೂಕ

ಸಾಮಾನ್ಯವಾಗಿ ದೊರೆಯುವ 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರಿನ ಉದ್ದ ಸುಮಾರು 66 ಸೆಂಟಿಮೀಟರ್. ಬರಿದಾಗಿದ್ದಾಗಲೇ ಅದರ ತೂಕ 14 ಕಿಲೋಗ್ರಾಂ ಮೀರುತ್ತದೆ. ಗಿಡ್ಡ ಬೆನ್ನಿನವರಿಗೆ ಇದು ಉದ್ದವೂ ಭಾರವೂ ಆಗಿರುವುದರಿಂದ, ಲಭ್ಯವಿದ್ದಲ್ಲಿ ಕಡಿಮೆ ಉದ್ದದ ಸಿಲಿಂಡರನ್ನು ಕೇಳಿ ಪಡೆಯುವುದು ಒಳ್ಳೆಯದು. ಸಣ್ಣ ಮೈಯವರು ಬಳಸುವ ಗಾಳಿಯೂ ಸಾಮಾನ್ಯವಾಗಿ ಕಡಿಮೆ.

ಹೊಂದದ ಜಾಕೆಟ್ಟಿನ ಅಸ್ಥಿರತೆಯನ್ನು ಹೆಚ್ಚು ಸೀಸ ಕಟ್ಟಿ ಸರಿಪಡಿಸಲು ಹೋಗುವುದು ತಪ್ಪು. ಅನಗತ್ಯವಾದ ಪ್ರತಿ ಕಿಲೋಗ್ರಾಂ ಸೀಸಕ್ಕೂ ಜಾಕೆಟ್ಟಿನಲ್ಲಿ ಒಂದು ಲೀಟರ್ ಹೆಚ್ಚುವರಿ ಗಾಳಿ ಬೇಕು. ಆಳ ಬದಲಾದಾಗಲೆಲ್ಲ ಹಿಗ್ಗಿ ಕುಗ್ಗುವುದು ಆ ಗಾಳಿಯೇ. ಸೀಸದ ಪ್ರಮಾಣವನ್ನು ನೀರಿನಲ್ಲಿಯೇ ಪರೀಕ್ಷಿಸಬೇಕು. ಸಿಲಿಂಡರಿನಲ್ಲಿ ಸುಮಾರು 50 ಬಾರ್ ಉಳಿದಿರುವಾಗ, ಜಾಕೆಟ್ ಬರಿದು ಮಾಡಿ, ಸಹಜವಾಗಿ ಉಸಿರಾಡುತ್ತ ಅಲುಗದೆ ನಿಂತರೆ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು. ತುಂಬಿದ ಸಿಲಿಂಡರಿನೊಡನೆ ಪರೀಕ್ಷಿಸಿದರೆ ಸುಮಾರು ಎರಡು ಕಿಲೋಗ್ರಾಂ ಸೇರಿಸಿಕೊಳ್ಳಬೇಕು.

ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು ಶೇಕಡಾ 2.5ರಷ್ಟು ಸಾಂದ್ರ. ಸಲಕರಣೆ ಸೇರಿ 65 ಕಿಲೋಗ್ರಾಂ ತೂಗುವವರಿಗೆ ಈಜುಕೊಳಕ್ಕಿಂತ ಸಮುದ್ರದಲ್ಲಿ ಸುಮಾರು 1.6 ಕಿಲೋಗ್ರಾಂ ಹೆಚ್ಚು ಸೀಸ ಬೇಕಾಗುತ್ತದೆ.

ಕರ್ನಾಟಕದಲ್ಲಿ

ಕರ್ನಾಟಕದಲ್ಲಿ ಸ್ಕೂಬಾ ಮುಳುಗುವಿಕೆಗೆ ಹೆಸರಾದ ತಾಣ ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿನ ನೇತ್ರಾಣಿ ದ್ವೀಪ. ಮುರುಡೇಶ್ವರದಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್ ಸಾಗಿ ಅಲ್ಲಿಗೆ ತಲುಪುತ್ತಾರೆ. ಮಳೆಗಾಲದಲ್ಲಿ ಮುಳುಗುವಿಕೆ ನಿಲ್ಲುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಯಂತಹ ಒಳನಾಡಿನ ಊರುಗಳಿಂದ ಹೋಗುವವರು ಕೆರೆ, ಬಾವಿ, ತುಂಗಭದ್ರೆಯಲ್ಲಿ ಈಜು ಕಲಿತಿದ್ದರೂ ಉಪ್ಪುನೀರಿನ ತೇಲುವಿಕೆ ಅವರಿಗೆ ಹೊಸದಾಗಿರುತ್ತದೆ.

ಮೊದಲ ಬಾರಿಗೆ ಮುಳುಗುವವರ ಸಲಕರಣೆಯನ್ನು ತರಬೇತುದಾರರೇ ನಿಯಂತ್ರಿಸುತ್ತಾರೆ. ಆದರೂ ಜಾಕೆಟ್ ಮೈಗೆ ಹೊಂದಿದೆಯೇ ಎಂಬುದು ಧರಿಸಿದವರಿಗೇ ಮೊದಲು ತಿಳಿಯುತ್ತದೆ. ಸ್ಥಳವನ್ನು ಕಾಯ್ದಿರಿಸುವಾಗಲೇ ತಮ್ಮ ಎತ್ತರ, ಎದೆ, ಸೊಂಟ ಮತ್ತು ಬೆನ್ನಿನ ಅಳತೆಗಳನ್ನು ತಿಳಿಸಿ, ಸಣ್ಣ ಅಳತೆಯ ಜಾಕೆಟ್ ಇದೆಯೇ ಎಂದು ವಿಚಾರಿಸಬೇಕು. ದೋಣಿ ಹತ್ತುವ ಮೊದಲು ದಡದಲ್ಲಿಯೇ ಅದನ್ನು ತೊಟ್ಟು ನೋಡಬೇಕು. ಹೊಂದದಿದ್ದರೆ ಸಂಕೋಚಪಡದೆ ಬದಲಿ ಕೇಳಬೇಕು. ಬದಲಿ ದೊರೆಯದಿದ್ದರೆ ಆ ದಿನ ನೀರಿಗೆ ಇಳಿಯದಿರುವುದೇ ಯೋಗ್ಯ.