ಅಜ್ಜಿ ಎರಡು ಥರ ಹೇಳಿದ್ದೇಕೆ?

ಮೇಷ್ಟ್ರುಗಳೂ ಪಾಠ ಕಲೀತಾರೆ ಗೊತ್ತಾ? ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಎಂಬ ಭಾರೀ ಗ್ರಂಥಾಲಯವು ಇತಿಹಾಸದ ಶಿಕ್ಷಕರಿಗೆ ತರಬೇತಿ ಕೊಡುತ್ತದೆ. ಹಳೇ ಕಾಗದಪತ್ರ, ಫೋಟೋಗಳಿಂದಲೇ ಪಾಠ ಮಾಡೋದು ಹೇಗೆ ಅಂತ.

ಆ ದೇಶದಲ್ಲಿ ಗುಲಾಮಗಿರಿ ರದ್ದಾದದ್ದು 1865ರಲ್ಲಿ. ಗುಲಾಮರಾಗಿದ್ದು ಇನ್ನೂ ಬದುಕಿದ್ದ 2,300ಕ್ಕೂ ಹೆಚ್ಚು ಮಂದಿಯ ಮಾತನ್ನು 1936ರಿಂದ 1938ರವರೆಗೆ ಸರ್ಕಾರ ಬರೆಸಿತು. ಅವು ಆ ಗ್ರಂಥಾಲಯದಲ್ಲಿವೆ.

ಅದರಲ್ಲಿ ಚಾರ್ಲ್ಸ್‌ಟನ್ ಊರಿನ ಸೂಸನ್ ಹ್ಯಾಮ್ಲಿನ್ ಎಂಬ ಅಜ್ಜಿಯ ಮಾತು ಎರಡು ಸಲ ಇದೆ. ಬಿಳಿಯ ಹೆಂಗಸು ಕೇಳಿದಾಗ ಅಜ್ಜಿ, ಧಣಿ ಒಳ್ಳೆಯವನು ಅಂದಳು. ಕರಿಯನೊಬ್ಬ ಕೇಳಿದಾಗ ಚಾಟಿ ಏಟಿನ ಕಥೆ ಹೇಳಿದಳು! ಅಜ್ಜಿ ಸುಳ್ಳಿ ಅನ್ನಬೇಡಿ. ಮೊದಲು ಬಂದಾಕೆಯನ್ನು ಬಡವರಿಗೆ ಸಹಾಯಧನ ಕೊಡುವ ಆಫೀಸಿನವಳು ಅಂದುಕೊಂಡಿದ್ದಳಂತೆ. ಬಿಳಿಯರ ಮುಂದೆ ಬಾಯಿ ಬಿಡಲು ಹೆದರುವ ಕಾಲ ಬೇರೆ.

ಇಂಥ ಎರಡು ಹಾಳೆಗಳನ್ನು ಮಕ್ಕಳ ಮುಂದಿಟ್ಟು, ಕೇಳಿದವರು ಯಾರು, ಯಾವಾಗ, ಏಕೆ ಅಂತ ಮೇಷ್ಟ್ರು ಹುಡುಕಿಸುತ್ತಾರೆ.